ಕೋಕೋ, ಕಾಫಿ, ಥೈರಾಯ್ಡ್

ಇವತ್ತು ಚಾಕೊಲೇಟ್ ಕಾಫಿ ಕೇಕ್ ಮಾಡಿದೆ.

ಕೋಕೋ ಪುಡಿಯ ಮೇಲೆ ಹಬೆಯಾಡುವ ಕಡುಕಾಫಿ ಸುರಿದಾಗ ಒಂದು ಪರಿಮಳ ಏಳುತ್ತದಲ್ಲ, ಮಿಕ್ಕ ಕೆಲಸವೆಲ್ಲ ಅದಕ್ಕಾಗಿಯೇ. ಮಂಕು ಬಡಿದಂತಿದ್ದ ಕಂದು ಪುಡಿ ನೋಡುತ್ತಿದ್ದಂತೆ ಕಪ್ಪಾಗಿ, ಹೊಳೆಯುತ್ತಾ ಮಂದವಾಗುತ್ತದೆ. ಬೆಂದ ಮೇಲೆ ಕಾಫಿಯ ರುಚಿ ಅಷ್ಟಾಗಿ ಸಿಗುವುದೇ ಇಲ್ಲ. ಚಾಕೊಲೇಟ್ ಇನ್ನಷ್ಟು ಚಾಕೊಲೇಟ್ ಆಗಿರುತ್ತದೆ, ಅಷ್ಟೇ.

ತಮಾಷೆಯೆಂದರೆ, ಬೆಳಿಗ್ಗೆ ಇದೇ ಕಾಫಿಗೆ ನಾನು ಕಾದು ಕುಳಿತಿರಬೇಕು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನೊಂದಿಗೆ. ಆಮೇಲೆ 30ರಿಂದ 60 ನಿಮಿಷ ಕಾಫಿಯ ಮಾತೇ ಇಲ್ಲ. ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳನ್ನಂತೂ 4 ಗಂಟೆ ದೂರವಿಡಬೇಕು. ಕತ್ತಿನಲ್ಲಿ ಕುಳಿತ ಅಷ್ಟು ಪುಟ್ಟ ಗ್ರಂಥಿಗೆ ಇಷ್ಟೊಂದು ಉಪಚಾರ!

"ನೀನು ಕೇಕ್ ತಿನ್ನಬಹುದೇ?" ಎಂದು ಕೇಳುವವರಿಗೆ: ತಿನ್ನಬಹುದು, ಚಿಕ್ಕ ತುಂಡು. ಸಕ್ಕರೆ ಸ್ವಲ್ಪ ಇಳಿಸಿದ್ದೇನೆ. ತೀರಾ ಇಳಿಸಿದರೆ ಕೇಕ್ ಒಣಗುತ್ತದೆ, ತೇವ ಹಿಡಿದಿಡುವುದೂ ಸಕ್ಕರೆಯೇ.

(ತೂಕದ ಬಗ್ಗೆ ಉಪದೇಶ ಮಾಡುವವರಿಗೆ ಚಿಕ್ಕ ತುಂಡೂ ಇಲ್ಲ.)

ಸುಸ್ತು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾತ್ರೆಯ ಪ್ರಮಾಣ ಬದಲಾದರೆ ಮುಂದಿನ ರಕ್ತಪರೀಕ್ಷೆಗೆ 6ರಿಂದ 8 ವಾರ ಕಾಯಬೇಕು. ಅಲ್ಲಿಯವರೆಗೂ ಇದು ಕಾಯಿಲೆಯೋ ಸೋಮಾರಿತನವೋ ಎಂದು ನನ್ನೊಡನೆ ನಾನೇ ವಾದಿಸುತ್ತಿರುತ್ತೇನೆ. ಕೇಕ್ ವಿಷಯದಲ್ಲಿ ಆ ಗೋಜಿಲ್ಲ. ಓವನ್ 180 ಡಿಗ್ರಿಗೆ ಇಟ್ಟು, ಅರ್ಧ ಗಂಟೆಯ ಹೊತ್ತಿಗೆ ಕಡ್ಡಿ ಚುಚ್ಚಿ ನೋಡಿದರೆ ಬೆಂದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಮೇಲೆ ಕ್ರೀಮ್ ಹಚ್ಚಿಲ್ಲ. ಅಷ್ಟಕ್ಕೆ ಇವತ್ತು ಕೈ ಏಳಲಿಲ್ಲ.