ಅದೇ ಹುಡ್ಗ, ಹಲ್ಲು ಮಾತ್ರ ಬೇರೆ

ಮೈಸೂರಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ, ಮನೇಲೇ ಕೂತು 2005ರ ರಕ್ತಪಿಶಾಚಿ ಪ್ರೇಮಕಥೆ ಟ್ವೈಲೈಟ್ ಕಾದಂಬರಿ ಮತ್ತೆ ಓದ್ದೆ, ಹಿಂದೇನೇ ಅದರ ಫ್ಯಾನ್ ಫಿಕ್ಷನ್ (ಅಭಿಮಾನಿ ಅದೇ ಪಾತ್ರಗಳನ್ನಿಟ್ಟು ಬರೆಯೋ ಕಥೆ) ಆಗಿ ಶುರುವಾಗಿ 2011ರಲ್ಲಿ ಪಾತ್ರಗಳ ಹೆಸರು ಬದಲಾಯಿಸ್ಕೊಂಡು ಪುಸ್ತಕ ಆದ ಫಿಫ್ಟಿ ಶೇಡ್ಸೂ ಹಿಡಿದೆ. ಟ್ವೈಲೈಟ್ ನಾಯಕಿ ಬೆಲ್ಲಾಳ ಹಳೇ ಟ್ರಕ್ ಇದ್ದ ಜಾಗಕ್ಕೆ ಫಿಫ್ಟಿ ಶೇಡ್ಸ್ ನಾಯಕಿ ಅನಾಳ ಹಳೇ ಬೀಟಲ್ ಕಾರು, ಎಡವಿ ಬೀಳೋ ಚಾಳಿ ಮಾತ್ರ ಇಬ್ರಿಗೂ ಸೇಮ್, ಅನಾ ಅಂತೂ ನಾಯಕ ಕ್ರಿಶ್ಚಿಯನ್ ಗ್ರೇ ಆಫೀಸಿಗೆ ಕಾಲಿಡೋದೇ ಮುಗ್ಗರಿಸಿ! ಟ್ವೈಲೈಟ್ ನಾಯಕ ಎಡ್ವರ್ಡ್ ರಾತ್ರಿ ಕಿಟಕಿಯಿಂದ ನುಗ್ಗಿ ಬೆಲ್ಲಾ ನಿದ್ದೆ ಮಾಡೋದನ್ನ ನೋಡ್ತಾನೆ, ರಕ್ತಪಿಶಾಚಿ ಅಲ್ವಾ ಅಂತ ಬಿಟ್ಬಿಟ್ಟೆ, ಆದ್ರೆ ಕ್ರಿಶ್ಚಿಯನ್ ಗ್ರೇ ಅನಾಳ ಫೋನ್ ಟ್ರ್ಯಾಕ್ ಮಾಡ್ಕೊಂಡು ಬಾರಿಗೇ ಬಂದಾಗ ಮೈ ಉರೀತು, ಇವನು ಬರೀ ಮನುಷ್ಯ ಕಣ್ರೀ, ಸ್ಟೇಷನ್‌ಗೆ ಕಂಪ್ಲೇಂಟ್ ಕೊಡೋ ಕೇಸು. ಮುಟ್ಟಿದ್ರೆ ಎಲ್ಲಿ ಸಾಯಿಸಿಬಿಡ್ತೀನೋ ಅನ್ನೋ ಎಡ್ವರ್ಡ್‌ನ ಭಯಾನೇ ನಂಗೆ ಜಾಸ್ತಿ ರೊಮ್ಯಾಂಟಿಕ್. ಅಜ್ಜಿ ಬಂದು ‘ಏನೇ ಓದ್ತಿದ್ದೀಯ’ ಅಂದ್ರು, ಪರೀಕ್ಷೆಗೆ ಅಂದೆ.