ಐಇಪಿ ಕಾಗದದಿಂದ ಮಗುವಿನ ಕಿವಿಯವರೆಗೆ

ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಓದು, ಕೇಳುವಿಕೆ, ಗಮನ ಯಾವುದರಲ್ಲಿ ತೊಡಕು ಕಂಡರೂ ಮೊದಲು ಮಾಡಬೇಕಾದದ್ದು ಒಂದು ಪತ್ರ ಬರೆಯುವುದು. ‘ಮಗುವಿನ ಮೌಲ್ಯಮಾಪನ ಮಾಡಿ’ ಎಂದು ತಾರೀಕು ಹಾಕಿ ಕೊಡಿ, ಒಂದು ಪ್ರತಿ ಮನೆಯಲ್ಲಿರಲಿ. ಟೀಚರಿಗೆ ಬಾಯಿಮಾತಲ್ಲಿ ಹೇಳಿ ಬಂದರೆ ಅದು ಅಲ್ಲೇ ಕರಗಿಹೋಗಬಹುದು. ಪೋಷಕರು ಒಪ್ಪಿಗೆಯ ಸಹಿ ಕೊಟ್ಟ ಮೇಲೆ 60 ದಿನಗಳಲ್ಲಿ, ರಾಜ್ಯ ಬೇರೆ ಗಡುವು ಇಟ್ಟಿದ್ದರೆ ಅದರೊಳಗೆ, ಮೌಲ್ಯಮಾಪನ ಮುಗಿಯಬೇಕು. ಮಗು ವಿಶೇಷ ಶಿಕ್ಷಣಕ್ಕೆ ಅರ್ಹ ಎಂದಾದರೆ 30 ದಿನಗಳೊಳಗೆ ಐಇಪಿ ಸಭೆ, ಅಂದರೆ ಆ ಮಗುವಿಗೆಂದೇ ಕಲಿಕೆಯ ಯೋಜನೆ ಬರೆಯುವ ಸಭೆ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕೆಂದು ಮಾಡಿದ 1975ರ ಕಾನೂನಿನಿಂದ ಬಂದ ಹಕ್ಕಿದು; ಖರ್ಚು ಶಾಲೆಯದು, ವೀಸಾ ಯಾವುದೆಂಬುದು ಲೆಕ್ಕಕ್ಕಿಲ್ಲ.

ಮನೆಯಲ್ಲಿ ಕನ್ನಡವಾಡುವವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಂಗ್ಲಿಷ್ ಸಾಲದು ಎಂಬ ಒಂದೇ ಕಾರಣಕ್ಕೆ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಹಚ್ಚುವಂತಿಲ್ಲ. ಸಭೆಗೆ ದುಭಾಷಿ ಬೇಕೆಂದರೆ ಮುಂಚೆಯೇ ಕೇಳಿ. ಒದಗಿಸುವುದು ಶಾಲೆಯ ಹೊಣೆ. ಮಗುವನ್ನೇ ದುಭಾಷಿ ಮಾಡಬೇಡಿ.

ಯೋಜನೆ ಸೋಲುವುದು ಹೆಚ್ಚಾಗಿ ಅದರ ಮಾತಿನಲ್ಲೇ. ‘ಅಗತ್ಯವಿದ್ದಾಗ ನೆರವು’ ಎಂದು ಬರೆದರೆ ಅಗತ್ಯವನ್ನು ಯಾರೂ ಗುರುತಿಸುವುದಿಲ್ಲ. ‘ಪ್ರತಿ ಗಣಿತ ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ, ಬೇರೆ ಕೋಣೆ, ಪ್ರಶ್ನೆ ಓದಿ ಹೇಳುವವರು ಇಂಥವರು’ ಎಂದಿರಬೇಕು. ಅಕ್ಷರ ಬಿಡಿಸಿ ಓದಲಾಗದ ಮಗುವಿಗೆ ಬರೀ ಹೆಚ್ಚು ಸಮಯ ಕೊಟ್ಟರೆ ಅದೇ ಪುಟವನ್ನು ಇನ್ನಷ್ಟು ಹೊತ್ತು ನೋಡುತ್ತಾ ಕೂರುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದು ಓದಿ ಹೇಳುವ ದನಿ.

ಕಿವಿಯ ವಿಚಾರ ಇನ್ನೂ ಸೂಕ್ಷ್ಮ. ಶ್ರವಣ ಸಾಧನ ಹತ್ತಿರದ ಮಾತಿಗೆ ಚೆನ್ನಾಗಿ ಒದಗುತ್ತದೆ. ಎರಡು ಮೀಟರ್ ದಾಟಿದರೆ ಕುರ್ಚಿ ಎಳೆದ ಸದ್ದು, ಫ್ಯಾನಿನ ಮೊರೆತ ಮಾತನ್ನು ನುಂಗುತ್ತವೆ. ಅದಕ್ಕೇ ಟೀಚರ್ ಕೊರಳಲ್ಲಿ, ಮಾತನ್ನು ನೇರವಾಗಿ ಮಗುವಿನ ಶ್ರವಣ ಸಾಧನಕ್ಕೆ ಕಳಿಸುವ ನಿಸ್ತಂತು ಮೈಕ್, ಬಾಯಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ. ಐಡಿ ಕಾರ್ಡಿನ ಸರ ಅದಕ್ಕೆ ತಾಗಿದರೆ ಮಗುವಿನ ಕಿವಿಯಲ್ಲಿ ಬರೀ ಗರಗರ. ಇಷ್ಟೆಲ್ಲ ಸರಿಯಿದ್ದೂ ಸಹಪಾಠಿ ಹಿಂದಿನಿಂದ ಕೊಟ್ಟ ಉತ್ತರ ಆ ಮಗುವಿಗೆ ಮುಟ್ಟುವುದಿಲ್ಲ. ಮೈಕ್ ಕೈಯಿಂದ ಕೈಗೆ ಹೋಗಬೇಕು, ಇಲ್ಲವೇ ಟೀಚರ್ ಉತ್ತರವನ್ನು ಇನ್ನೊಮ್ಮೆ ಹೇಳಬೇಕು. ಬೋರ್ಡಿನ ಕಡೆ ಮುಖಮಾಡಿ ಪಾಠ ಹೇಳಿದರೆ ತುಟಿ ಓದುವ ದಾರಿಯೂ ಮುಚ್ಚುತ್ತದೆ. ಕುರ್ಚಿಯ ಕಾಲಿಗೆ ಫೆಲ್ಟ್ ತುಂಡು ಅಂಟಿಸಿದರೆ ಇಡೀ ತರಗತಿಗೇ ಹಿತ. ಇದಕ್ಕೆ ಯಾವ ಕಾನೂನೂ ಬೇಕಿಲ್ಲ, ನಮ್ಮೂರ ಶಾಲೆಗಳಲ್ಲೂ ನಾಳೆಯೇ ಮಾಡಬಹುದು.

ಕಣ್ಣು ಮಂಜಾದವರಿಗೆ ಕಳಿಸುವ ಪಿಡಿಎಫ್‌ಗೂ ಸುಲಭದ ಪರೀಕ್ಷೆಯಿದೆ. ಮೌಸಿನಿಂದ ಒಂದು ಸಾಲು ಎಳೆದು ನೋಡಿ. ಅಕ್ಷರಗಳು ಆಯ್ಕೆಯಾಗದಿದ್ದರೆ ಅದು ಬರೀ ಚಿತ್ರ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅದರಲ್ಲಿ ಓದಲು ಏನೂ ಕಾಣದೆ ಸುಮ್ಮನಾಗುತ್ತದೆ. ಕನ್ನಡ ಪಠ್ಯಕ್ಕೆ ಮತ್ತೊಂದು ಬಲೆ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕಂಪ್ಯೂಟರೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ತಪ್ಪಿದೆಯೇ ಎಂದು ಒಮ್ಮೆ ಕಣ್ಣಾಡಿಸಿಯೇ ಕಳಿಸಿ.