ಮಡಿಕೇರಿ ಕೋಟೆಯಿಂದ ದಿಡ್ಡಳ್ಳಿ ದಾರಿ

ಮಡಿಕೇರಿ ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಗಾರೆ ಆನೆಗಳ ಪಕ್ಕ ಫೋಟೊ ತೆಗೆಸಿಕೊಂಡು ರಾಜಾಸೀಟಿಗೆ ಹೊರಟುಬಿಡುತ್ತಾರೆ. ಸ್ವಲ್ಪ ನಿಂತು ನೋಡಬೇಕಾದ ಜಾಗವಿದು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಬಾವುಟ ಏರಿದ್ದು ಇಲ್ಲಿ. ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದೂ ಇದೇ ಆವರಣದಲ್ಲಿ. ಅವರ ಪ್ರತಿಮೆ ಈಗ ಊರಿನಲ್ಲಿದೆ, ಮಾಲೆ ಹಾಕುವವರಿಗೂ ಕಡಿಮೆಯಿಲ್ಲ. ಆದರೆ ಆ ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೇ ಕಂಪನಿ ಸರ್ಕಾರ ಚಿನ್ನದ, ಬೆಳ್ಳಿಯ ಪದಕ ಕೊಟ್ಟಿತ್ತು ಎಂಬ ಮಾತು ಪ್ರತಿಮೆಯ ಮುಂದಿನ ಭಾಷಣಗಳಲ್ಲಿ ಬರುವುದಿಲ್ಲ. ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಒಂದೇ ನೂಲಿನಲ್ಲಿ ಪೋಣಿಸಲು ಕೊಡಗು ಒಪ್ಪದ ಜಾಗ.

ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ರಾಜ್ಯವಾಗಿತ್ತು ಎಂದರೆ ಇಂದಿನ ಹುಡುಗರು ನಂಬಲಾರರು. 1950ರಲ್ಲಿ ಕೇಂದ್ರದ ಮೇಲ್ವಿಚಾರಣೆಯ ‘ಸಿ’ ವರ್ಗದ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಸ್ಥಾನ, ಅದಕ್ಕೆ 18 ಕ್ಷೇತ್ರ, ಅವುಗಳಲ್ಲಿ ಆರು ದ್ವಿಸದಸ್ಯ ಕ್ಷೇತ್ರ. ಜಗಳದ ವಿಷಯ ಒಂದೇ: ಮೈಸೂರಿನೊಡನೆ ವಿಲೀನ ಬೇಕೇ, ಬೇಡವೇ? ಬೇಕೆಂದದ್ದು ಕಾಂಗ್ರೆಸ್. ಬೇಡವೆಂದದ್ದು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ಬಣ. ಅವರ ಗುರುತು ತಕ್ಕಡಿಯಾದ್ದರಿಂದ ಜನರ ಬಾಯಲ್ಲಿ ಅದು ತಕ್ಕಡಿ ಪಾರ್ಟಿ. ಕಾಂಗ್ರೆಸ್‌ಗೆ 15, ತಕ್ಕಡಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರ ನವೆಂಬರ್ 1ಕ್ಕೆ ರಾಜ್ಯವೇ ಮುಗಿಯಿತು. ಅಂದು 24 ಶಾಸಕರಿದ್ದ ನಾಡಿಗೆ ಈಗ ಇಬ್ಬರು, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. ಲೋಕಸಭೆಗೆ ಮೈಸೂರಿನ ಜೊತೆ ಹಂಚಿಕೊಂಡ ಒಂದು ಕ್ಷೇತ್ರ. ಸ್ವಾಯತ್ತತೆಯ ಬೇಡಿಕೆ ಇಲ್ಲಿ ಮತ್ತೆ ಮತ್ತೆ ಏಳುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಸಂಖ್ಯೆ ಕಡಿಮೆಯಾದಾಗ ಜನ ಓಟಿಗಿಂತ ಕಾಗದದ ಮೇಲೆ ಹೆಚ್ಚು ಭರವಸೆ ಇಡುತ್ತಾರೆ. ಕೋವಿಯನ್ನೇ ನೋಡಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಸಿಕ್ಕ ವಿನಾಯಿತಿ ಬ್ರಿಟಿಷರ ಕಾಲದ್ದು. ಸ್ವತಂತ್ರ ಭಾರತ ಅದನ್ನು ಕಿತ್ತುಹಾಕದೆ ಮುಂದುವರಿಸಿತು. 2019ರ ಕೇಂದ್ರದ ಅಧಿಸೂಚನೆಯಂತೆ ಅದು 2029ರ ಅಕ್ಟೋಬರ್ 31ರವರೆಗೆ ಇದೆ. ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಹಳೆಯ ಸರ್ಕಾರ ಗುರುತಿಸಿದವರನ್ನು ಹೊಸ ಸರ್ಕಾರವೂ ಗುರುತಿಸಿತು ಅನ್ನಬಹುದು. ಗುರುತಿಸದೆ ಬಿಟ್ಟವರ ಪಾಡು ನೋಡಬೇಕಾದರೆ ದಕ್ಷಿಣಕ್ಕೆ ಇಳಿಯಬೇಕು.

ಚೆಟ್ಟಳ್ಳಿ ಮೇಲೆ ಸಿದ್ದಾಪುರಕ್ಕೆ 30 ಕಿ.ಮೀ. ಚಿಲ್ಲರೆ. ಅಲ್ಲಿಂದ ಮಾಲ್ದಾರೆ ಕಡೆಯ ರಸ್ತೆಯಲ್ಲಿ ದಿಡ್ಡಳ್ಳಿ. ಎರಡೂ ಬದಿ ಕಾಫಿ ತೋಟ, ಸಂಜೆಯಾದರೆ ಆನೆ. ಬೆಳಕಿರುವಾಗಲೇ ಹೋಗಿ ಬರಬೇಕು. 2016ರ ಡಿಸೆಂಬರ್‌ನಲ್ಲಿ ಇಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಜೇನುಕುರುಬರು, ಯರವರು, ಪಣಿಯರು. ಎಷ್ಟೋ ಮಂದಿ ತೋಟದ ಲೈನ್ ಮನೆ, ಅಂದರೆ ಕೂಲಿಕಾರರಿಗೆಂದು ಸಾಲಾಗಿ ಕಟ್ಟಿದ ಮನೆ, ಬಿಟ್ಟು ಬಂದವರು. ಅರಣ್ಯ ಇಲಾಖೆಯ ಪ್ರಕಾರ ಇದು ಹೊಸ ಒತ್ತುವರಿ. ಹೋರಾಟಗಾರರ ಪ್ರಕಾರ ಜಾಗ ಪೈಸಾರಿ (ಸರ್ಕಾರಿ ಪಾಳು ಜಮೀನು), ತಮ್ಮವರು ಹಿಂದಿನಿಂದಲೂ ಇದ್ದ ನೆಲ.

ತೊಡಕಿನ ಬೇರು ಲೈನ್ ಮನೆಯಲ್ಲಿದೆ. ಮನೆ ಮಾಲೀಕರದ್ದು, ಕೆಲಸ ಬಿಟ್ಟರೆ ಮನೆ ಬಿಡಬೇಕು, ವಿಳಾಸವೂ ಹೋಯಿತು. ಕಾಡಿನಲ್ಲಿ ನೆಲೆಸಿದವರ ಹಕ್ಕು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆ ಕೇಳುವುದು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ. ತೋಟದಿಂದ ತೋಟಕ್ಕೆ ಅಲೆದವರ ಬಳಿ ಅಷ್ಟು ಹಳೆಯ ರೇಷನ್ ಕಾರ್ಡ್ ಎಲ್ಲಿಂದ ಬರಬೇಕು? ಆದರೆ ನಿಯಮ ಕಾಗದವನ್ನಷ್ಟೇ ಕೇಳುವುದಿಲ್ಲ. ಹಳೆಯ ಬಾವಿ, ಸಮಾಧಿ, ದೇವರ ಬನ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಎಲ್ಲವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೆ. ಉಪಗ್ರಹ ಚಿತ್ರವನ್ನು ಪೂರಕವಾಗಿ ಬಳಸಬಹುದು. ಅದೊಂದನ್ನೇ ನೆಚ್ಚಿಕೊಂಡು ಅರ್ಜಿ ತಳ್ಳುವಂತಿಲ್ಲ.

ವೈಯಕ್ತಿಕ ಹಕ್ಕಿಗೆ ನಮೂನೆ ‘ಎ’, ಗರಿಷ್ಠ 4 ಹೆಕ್ಟೇರ್. ಸಮುದಾಯಕ್ಕೆ ‘ಬಿ’, ಕಾಡಿನ ಸಂಪನ್ಮೂಲಕ್ಕೆ ‘ಸಿ’. ಅರ್ಜಿ ಮೊದಲು ಹೋಗುವುದು ಹಾಡಿಯ (ಆದಿವಾಸಿಗಳ ಊರಿನ) ಅರಣ್ಯ ಹಕ್ಕು ಸಮಿತಿಗೆ. ಸಮಿತಿ ಸ್ಥಳ ನೋಡಿ ನಕ್ಷೆ ಹಾಕಿದ ಮೇಲೆ ಗ್ರಾಮಸಭೆ ನಿರ್ಣಯಿಸುತ್ತದೆ, ಕೋರಂ ಅರ್ಧದಷ್ಟು ಜನ. ಬಳಿಕ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ.

ದಿಡ್ಡಳ್ಳಿಯವರನ್ನು ಕೊನೆಗೆ ಕುಶಾಲನಗರ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಸಾಗಿಸಿ ಮನೆ ಕಟ್ಟಿಕೊಟ್ಟರು. ಸಿದ್ದಾಪುರದಿಂದ ಕಾವೇರಿ ದಾಟಿ, ನೆಲ್ಯಹುದಿಕೇರಿ, ಗುಡ್ಡೆಹೊಸೂರು ದಾರಿಯಲ್ಲಿ ಹೋದರೆ ಆ ದೂರ ತಿಳಿಯುತ್ತದೆ. ಕೂಲಿ ಕೊಡುತ್ತಿದ್ದ ತೋಟಗಳು ಹಿಂದೆ ಉಳಿದವು. ಸರ್ಕಾರ ಸೂರು ಕೊಟ್ಟದ್ದು ಪುನರ್ವಸತಿಯೆಂದು. ದಿಡ್ಡಳ್ಳಿಯ ನೆಲದ ಮೇಲಿನ ಹಕ್ಕನ್ನು ಒಪ್ಪಿಕೊಂಡಂತೆ ಅಲ್ಲ.

ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹವನ್ನು ಕೇಳಿ ಪಡೆಯಬೇಕು. ಮೇಲಿನ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಅವಕಾಶ. ಬಾಯಿಮಾತಿನ ‘ಆಗಲ್ಲ’ ಕೇಳಿ ಹಾಡಿಗೆ ಮರಳಿದವರ ಅವಧಿ ಅಲ್ಲಿಯೇ ಕಳೆದುಹೋಗುತ್ತದೆ.